ಎರಡು ಚಕ್ರದ ರೋಬೋಟಿನ ಓಡೊಮೆಟ್ರಿಯನ್ನು ಅಳೆದು ತಿದ್ದುವುದು: ಅಂತಿಮ ವರ್ಷದ ಯೋಜನೆಗೊಂದು ಸಮಗ್ರ ಮಾರ್ಗದರ್ಶಿ

ಎಂಜಿನಿಯರಿಂಗ್ ಕಾಲೇಜುಗಳ ಯೋಜನಾ ಪ್ರದರ್ಶನದಲ್ಲಿ ರೋಬೋಟ್ ಒಮ್ಮೆ ಸರಿಯಾಗಿ ಓಡಿದರೆ ಚಪ್ಪಾಳೆ ಬೀಳುತ್ತದೆ. ವೈವಾದಲ್ಲಿ ಕೂತ ಬಾಹ್ಯ ಪರೀಕ್ಷಕರು ಕೇಳುವ ಪ್ರಶ್ನೆ ಮಾತ್ರ ಬೇರೆ: ಇದೇ ದಾರಿಯಲ್ಲಿ ಹತ್ತು ಸಲ ಓಡಿಸಿದರೆ ಹತ್ತು ಸಲವೂ ಅದು ಎಲ್ಲೆಲ್ಲಿ ನಿಲ್ಲುತ್ತದೆ, ಮತ್ತು ನೀವು ಮಾಡಿದ ಬದಲಾವಣೆಯಿಂದಲೇ ಅದು ಸುಧಾರಿಸಿತು ಎಂದು ಹೇಗೆ ಹೇಳುತ್ತೀರಿ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಯೋಜನೆಯನ್ನು ಕಟ್ಟಲು ದುಬಾರಿ ಸೆನ್ಸರ್ ಬೇಕಿಲ್ಲ. ಎರಡು ಚಕ್ರದ ಸಾಮಾನ್ಯ ರೋಬೋಟ್, ಒಂದು ಟೇಪು, ಖಾಲಿ ಕೊಠಡಿ ಮತ್ತು ಮೊದಲೇ ಯೋಚಿಸಿ ಬರೆದಿಟ್ಟ ಪ್ರಯೋಗದ ಯೋಜನೆ ಇದ್ದರೆ ಸಾಕು. ವಿನ್ಯಾಸ, ರೋಬೋಟಿಕ್ಸ್ ಮತ್ತು ಸಂಖ್ಯಾಶಾಸ್ತ್ರ ಎಂಬ ಮೂರು ಬೇರೆಬೇರೆ ವಿಷಯಗಳಾಗಿ ಸೆಮಿಸ್ಟರುಗಳಲ್ಲಿ ಹಂಚಿಹೋದದ್ದು ಇಲ್ಲಿ ಒಂದೇ ಕೆಲಸವಾಗುತ್ತದೆ.

ಓಡೊಮೆಟ್ರಿ ಎಂದರೆ ಚಕ್ರಗಳು ಎಷ್ಟು ಸುತ್ತಿದವು ಎಂಬುದನ್ನು ಎನ್‌ಕೋಡರಿನಿಂದ ಎಣಿಸಿ, ಅದರಿಂದ ರೋಬೋಟ್ ಈಗ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕುವ ವಿಧಾನ. ಎಡಚಕ್ರ ಮತ್ತು ಬಲಚಕ್ರ ಕ್ರಮಿಸಿದ ದೂರಗಳ ಸರಾಸರಿಯೇ ರೋಬೋಟ್ ಮುಂದೆ ಸರಿದ ದೂರ. ಬಲಚಕ್ರದ ದೂರದಿಂದ ಎಡಚಕ್ರದ ದೂರವನ್ನು ಕಳೆದು ಎರಡು ಚಕ್ರಗಳ ನಡುವಿನ ಅಂತರದಿಂದ ಭಾಗಿಸಿದರೆ ಬರುವುದು ಅದು ತಿರುಗಿದ ಕೋನ, ರೇಡಿಯನ್‌ಗಳಲ್ಲಿ. ಇಷ್ಟು ಸರಳವಾದ ಲೆಕ್ಕದೊಳಗೆ ಮೂರು ಊಹೆಗಳು ಅಡಗಿವೆ: ಎರಡೂ ಚಕ್ರಗಳ ವ್ಯಾಸ ಸಮ, ಚಕ್ರಗಳ ನಡುವಿನ ಅಂತರ ನಮಗೆ ಗೊತ್ತು, ಚಕ್ರ ಎಲ್ಲಿಯೂ ಜಾರುವುದಿಲ್ಲ. ಮೂರೂ ಪೂರ್ತಿ ನಿಜವಲ್ಲ. ಲೇಸರ್ ಕಿರಣದಿಂದ ಸುತ್ತಲಿನ ದೂರಗಳನ್ನು ಅಳೆಯುವ ಲೈಡಾರ್ ಇದ್ದರೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಲೈಡಾರ್ ಬಳಸಿ ನಕ್ಷೆ ಕಟ್ಟುವ ಬಹುಪಾಲು ಪ್ರೋಗ್ರಾಮುಗಳೂ ಮುಂದಿನ ಸ್ಥಾನದ ಮೊದಲ ಅಂದಾಜನ್ನು ಓಡೊಮೆಟ್ರಿಯಿಂದಲೇ ಪಡೆಯುತ್ತವೆ; ಅಂದಾಜು ಕೆಟ್ಟರೆ ನಕ್ಷೆಯೂ ಕೆಡುತ್ತದೆ.

ಮೊದಲ ಹಂತ: ಪ್ರಶ್ನೆಯನ್ನು ಅಂಕಿಯಲ್ಲಿ ಬರೆಯುವುದು

"ನಿಖರವಾದ ರೋಬೋಟನ್ನು ನಿರ್ಮಿಸುವುದು" ಎಂಬುದು ಯೋಜನೆಯ ಉದ್ದೇಶವಾಗಲಾರದು, ಏಕೆಂದರೆ ಅದು ಈಡೇರಿತೋ ಇಲ್ಲವೋ ಎಂದು ಯಾರೂ ತೀರ್ಮಾನಿಸಲಾರರು. ಬದಲಿಗೆ ಹೀಗೆ ಬರೆಯಿರಿ: ಕಾರಿಡಾರಿನಲ್ಲಿ 10 ಮೀಟರ್ ನೇರವಾಗಿ ಸಾಗಿದ ಮೇಲೆ ರೋಬೋಟ್ ಗುರಿಯಿಂದ ಪಕ್ಕಕ್ಕೆ 50 ಮಿಲಿಮೀಟರಿಗಿಂತ ಹೆಚ್ಚು ಸರಿದಿರಬಾರದು. ಇಂಥ ವಾಕ್ಯ ಬರೆದ ಕೂಡಲೇ ವಿನ್ಯಾಸದ ಮಿತಿ ತಾನಾಗಿ ಹೊರಬರುತ್ತದೆ. 50ನ್ನು 10,000ದಿಂದ ಭಾಗಿಸಿದರೆ 0.005 ರೇಡಿಯನ್, ಅಂದರೆ ಸುಮಾರು 0.29 ಡಿಗ್ರಿ, ಹೊರಡುವಾಗಲೇ ರೋಬೋಟಿನ ದಿಕ್ಕು ಇದಕ್ಕಿಂತ ಹೆಚ್ಚು ತಪ್ಪಿದ್ದರೆ ಉಳಿದ ಯಾವುದೂ ಅದನ್ನು ಕಾಪಾಡದು. ಮೊಬೈಲ್ ರೋಬೋಟಿನಲ್ಲಿ ದೂರದ ದೋಷಕ್ಕಿಂತ ದಿಕ್ಕಿನ ದೋಷವೇ ಹೆಚ್ಚು ಕಾಡುವುದು ಇದೇ ಕಾರಣಕ್ಕೆ. ದೂರದ ದೋಷ ಇದ್ದಷ್ಟೇ ಇರುತ್ತದೆ, ದಿಕ್ಕಿನ ದೋಷ ಮುಂದಿನ ಪ್ರತಿ ಮೀಟರಿನಲ್ಲೂ ಬೆಳೆಯುತ್ತದೆ.

ಎರಡನೆಯ ಹಂತ: ಭಾಗ ಕೊಳ್ಳುವ ಮುನ್ನ ಒಂದು ಲೆಕ್ಕ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು ಹಳದಿ ಬಣ್ಣದ ಬಿಒ (ಬ್ಯಾಟರಿಯಿಂದ ಓಡುವ) ಮೋಟಾರ್ ಮತ್ತು 65 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಚಕ್ರ. ಅದರ ಜೊತೆಗೆ ಸಿಗುವ 20 ಸೀಳುಗಳ ತಟ್ಟೆಯನ್ನೇ ಎನ್‌ಕೋಡರ್ ಆಗಿ ಬಳಸಿದರೆ ಏನಾಗುತ್ತದೆ ಎಂದು ಅಂಗಡಿಗೆ ಹೋಗುವ ಮುನ್ನವೇ ನೋಡಬಹುದು. ಚಕ್ರದ ಸುತ್ತಳತೆ ಸುಮಾರು 204.2 ಮಿಲಿಮೀಟರ್. ಒಂದು ಸುತ್ತಿಗೆ 20 ಎಣಿಕೆ ಎಂದರೆ ಒಂದು ಎಣಿಕೆಗೆ 10.2 ಮಿಲಿಮೀಟರ್. ಚಕ್ರಗಳ ನಡುವಿನ ಅಂತರ 150 ಮಿಲಿಮೀಟರ್ ಇದ್ದರೆ, ಒಂದೇ ಒಂದು ಎಣಿಕೆ ಹೆಚ್ಚುಕಡಿಮೆಯಾದರೂ ದಿಕ್ಕಿನ ಅಂದಾಜು ಸುಮಾರು 3.9 ಡಿಗ್ರಿ ತಪ್ಪುತ್ತದೆ. ನಮಗೆ ಬೇಕಿದ್ದುದು 0.29 ಡಿಗ್ರಿ. ಜೊತೆಗೆ, ಒಂದೇ ಸೆನ್ಸರ್ ಇರುವ ಇಂಥ ತಟ್ಟೆಗೆ ಚಕ್ರ ಮುಂದಕ್ಕೆ ತಿರುಗಿತೋ ಹಿಂದಕ್ಕೋ ಎಂಬುದೇ ತಿಳಿಯದು.

ಈಗ ಲೋಹದ ಗೇರುಗಳಿರುವ, ಹಿಂಬದಿಯಲ್ಲಿ ಅಯಸ್ಕಾಂತದ ಎನ್‌ಕೋಡರ್ ಕೂರಿಸಿದ ಮೋಟಾರನ್ನು ತೆಗೆದುಕೊಳ್ಳಿ. ಮೋಟಾರಿನ ಒಂದು ಸುತ್ತಿಗೆ 11 ಪಲ್ಸ್, ಎನ್‌ಕೋಡರಿನ ಎರಡೂ ಚಾನೆಲ್‌ಗಳ (ಸಂಕೇತ ತಂತಿಗಳ) ಏರಿಳಿತಗಳನ್ನೆಲ್ಲ ಎಣಿಸಿದರೆ 44, ಗೇರ್ ಅನುಪಾತ 30 ಆದರೆ ಚಕ್ರದ ಒಂದು ಸುತ್ತಿಗೆ 1320 ಎಣಿಕೆ. ಒಂದು ಎಣಿಕೆಗೆ 0.155 ಮಿಲಿಮೀಟರ್, ದಿಕ್ಕಿನಲ್ಲಿ 0.06 ಡಿಗ್ರಿ. ಬೆಲೆ ಹೆಚ್ಚು, ಆದರೆ ಈ ಯೋಜನೆಯಲ್ಲಿ ಹಣ ಹಾಕಬೇಕಾದ ಜಾಗ ಇದೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಯೋಜನೆಗಳಿಗೆ ನೆರವು ನೀಡುತ್ತದೆ. ಅರ್ಜಿಯಲ್ಲಿ ಈ ಮೋಟಾರೇ ಏಕೆ ಬೇಕು ಎಂಬುದಕ್ಕೆ ಮೇಲಿನ ನಾಲ್ಕು ಸಾಲಿನ ಲೆಕ್ಕಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಾರದು.

ಯಾಂತ್ರಿಕ ವಿನ್ಯಾಸದಲ್ಲಿ ಎರಡು ವಿಷಯಗಳತ್ತ ಮಾತ್ರ ಗಮನ ಸಾಕು. ಟಯರ್ ಅಗಲವಾಗಿದ್ದಷ್ಟೂ ಅದು ನೆಲವನ್ನು ನಿಜವಾಗಿ ಎಲ್ಲಿ ಮುಟ್ಟುತ್ತಿದೆ ಎಂಬುದು ಅಸ್ಪಷ್ಟವಾಗಿ, ಚಕ್ರಗಳ ನಡುವಿನ ಅಂತರವೇ ಅನಿಶ್ಚಿತವಾಗುತ್ತದೆ. ಆದ್ದರಿಂದ ಕಿರಿದಾದ, ಗಟ್ಟಿ ರಬ್ಬರಿನ ಟಯರ್ ಉತ್ತಮ. ಇನ್ನು ಮೂರನೆಯ ಆಧಾರವಾಗಿ ಕ್ಯಾಸ್ಟರ್ ಚಕ್ರ ಹಾಕಿದರೆ, ರೋಬೋಟ್ ತಿರುಗಿದಾಗಲೆಲ್ಲ ಕ್ಯಾಸ್ಟರ್ ತನ್ನ ದಿಕ್ಕು ಬದಲಿಸುವಾಗ ಚಾಸಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಉಕ್ಕಿನ ಗುಂಡಿರುವ ಬಾಲ್ ಕ್ಯಾಸ್ಟರಿನಲ್ಲಿ ಈ ತೊಂದರೆ ಕಡಿಮೆ.

ಮೂರನೆಯ ಹಂತ: ನೆಲ, ಗುರುತು ಮತ್ತು ಟೇಪು

ಕನಿಷ್ಠ 3 ಮೀಟರ್ ಉದ್ದಗಲದ ಸಮತಟ್ಟಾದ ಜಾಗ ಹುಡುಕಿ. ವಿಟ್ರಿಫೈಡ್ ಟೈಲ್ಸ್ ಹಾಕಿದ ನೆಲದಲ್ಲಿ ಕೂಡುಗೆರೆಗಳನ್ನೇ ಅಳತೆಯ ಗೆರೆಗಳಾಗಿ ಬಳಸುವ ಆಸೆಯಾಗುತ್ತದೆ. ಆದರೆ ಟೈಲ್ಸ್ ಹಾಕಿದವರು ಮಿಲಿಮೀಟರ್ ಲೆಕ್ಕದಲ್ಲಿ ಹಾಕಿರುವುದಿಲ್ಲ, ಮೇಲಾಗಿ ಚಕ್ರ ಆ ಸಂದುಗಳನ್ನು ದಾಟುವಾಗ ಕುಲುಕುತ್ತದೆ. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಡಗಿಯ ಮೂಲೆಮಟ್ಟದಿಂದ ಎಕ್ಸ್ ಮತ್ತು ವೈ ಅಕ್ಷಗಳನ್ನು ಎಳೆದುಕೊಳ್ಳಿ. ಗೆರೆಗಳು ಲಂಬವಾಗಿವೆಯೇ ಎಂಬುದನ್ನು ಒಂದು ಬದಿಯಲ್ಲಿ 1.5 ಮೀಟರ್, ಇನ್ನೊಂದರಲ್ಲಿ 2 ಮೀಟರ್ ಗುರುತಿಸಿ ಕರ್ಣ 2.5 ಮೀಟರ್ ಬರುತ್ತದೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಿ.

ರೋಬೋಟಿನ ಉಲ್ಲೇಖ ಬಿಂದು ಎರಡು ಚಕ್ರಗಳ ನಡುವಿನ ಅಚ್ಚಿನ ಮಧ್ಯಬಿಂದು. ಅದರ ನೇರ ಕೆಳಗೆ ಚಾಸಿಯಲ್ಲಿ ತೂತು ಕೊರೆದು, ರೋಬೋಟ್ ನಿಂತ ಮೇಲೆ ಮೊನೆಯಾದ ಪೆನ್ಸಿಲಿನಿಂದ ನೆಲದ ಟೇಪಿನ ಮೇಲೆ ಚುಕ್ಕೆ ಇಡಿ. ಆಮೇಲೆ ಅಳತೆಯನ್ನೇ ಪರೀಕ್ಷಿಸಬೇಕು, ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹತ್ತು ಚುಕ್ಕೆಗಳನ್ನು ತಂಡದ ಇಬ್ಬರು ಪರಸ್ಪರ ನೋಡದೆ ಅಳೆದು ಬರೆಯಲಿ. ಅವರ ಅಳತೆಗಳ ವ್ಯತ್ಯಾಸದ ಹರವು ರೋಬೋಟಿನ ಹರವಿನ ಹತ್ತರಲ್ಲೊಂದು ಭಾಗವಿದ್ದರೆ ನಿಶ್ಚಿಂತೆ, ಏಕೆಂದರೆ ದೋಷಗಳು ವರ್ಗಗಳಾಗಿ ಕೂಡುವುದರಿಂದ ಅದು ಒಟ್ಟು ಹರವಿಗೆ ಸೇರಿಸುವುದು ಕೇವಲ ಅರ್ಧ ಶೇಕಡಾ. ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚಿದ್ದರೆ ಅಳೆಯುವ ವಿಧಾನವನ್ನು ಸರಿಪಡಿಸುವವರೆಗೂ ಮುಂದೆ ಹೋಗಬೇಡಿ.

ನಾಲ್ಕನೆಯ ಹಂತ: ನೇರ ಓಟದಿಂದ ಚಕ್ರದ ಸರಾಸರಿ ವ್ಯಾಸ

ರೋಬೋಟನ್ನು ಅದರ ಪೂರ್ತಿ ಭಾರದೊಂದಿಗೆ, ಬ್ಯಾಟರಿ ಹೊತ್ತ ಸ್ಥಿತಿಯಲ್ಲೇ, ಕಾರಿಡಾರಿನಲ್ಲಿ 4 ಮೀಟರ್ ನೇರವಾಗಿ ನಿಧಾನಕ್ಕೆ ಓಡಿಸಿ. ರೋಬೋಟ್ 4000 ಮಿಲಿಮೀಟರ್ ಎಂದು ಹೇಳಿ ಟೇಪು 3980 ತೋರಿಸಿದರೆ, ಪ್ರೋಗ್ರಾಮಿನಲ್ಲಿರುವ ವ್ಯಾಸವನ್ನು ಅರ್ಧ ಶೇಕಡಾ ಇಳಿಸಬೇಕು, 65ರ ಬದಲು ಸುಮಾರು 64.7. ಭಾರ ಬಿದ್ದಾಗ ರಬ್ಬರ್ ಅಮುಕಿಕೊಳ್ಳುವುದರಿಂದ ವರ್ನಿಯರಿನಲ್ಲಿ ಅಳೆದ ವ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಐದಾರು ಓಟಗಳ ಸರಾಸರಿ ತೆಗೆದುಕೊಂಡರೆ ಈ ಹಂತ ಮುಗಿಯಿತು. ಮುಂದಿನ ಉದಾಹರಣೆಗಳಲ್ಲಿ ಲೆಕ್ಕದ ಸರಳತೆಗಾಗಿ ವ್ಯಾಸ 65 ಎಂದೇ ಇಟ್ಟುಕೊಳ್ಳೋಣ.

ಐದನೆಯ ಹಂತ: ಚೌಕವನ್ನು ಎರಡೂ ದಿಕ್ಕಿನಲ್ಲಿ ಸುತ್ತಿಸುವುದು

ಇದು ಇಡೀ ಯೋಜನೆಯ ಬೆನ್ನೆಲುಬು. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೊಹಾನ್ ಬೊರೆನ್‌ಸ್ಟೀನ್ ಮತ್ತು ಲಿಚಿಯಾಂಗ್ ಫೆಂಗ್ ರೂಪಿಸಿದ ಯುಎಂಬಿಮಾರ್ಕ್ ಎಂಬ ಪರೀಕ್ಷೆಯಲ್ಲಿ ರೋಬೋಟ್ 4 ಮೀಟರ್ ಬದಿಯ ಚೌಕವನ್ನು ಪ್ರದಕ್ಷಿಣಾಕಾರವಾಗಿ ಐದು ಸಲ, ಅಪ್ರದಕ್ಷಿಣಾಕಾರವಾಗಿ ಐದು ಸಲ ಸುತ್ತಿ ಹೊರಟ ಜಾಗಕ್ಕೆ ಮರಳಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. 2 ಮೀಟರಿನ ಚೌಕ ಸಾಕು. ಪ್ರತಿ ಮೂಲೆಯಲ್ಲೂ ರೋಬೋಟ್ ನಿಂತು, ನಿಂತಲ್ಲೇ 90 ಡಿಗ್ರಿ ತಿರುಗಿ, ಮತ್ತೆ ಹೊರಡಬೇಕು. ವೇಗ ಕಡಿಮೆಯಿರಲಿ, ಚಕ್ರ ಜಾರುವುದನ್ನು ಈ ಹಂತದಲ್ಲಿ ಆದಷ್ಟು ದೂರವಿಡಬೇಕು.

ಎರಡೂ ದಿಕ್ಕು ಏಕೆ? ಚಕ್ರಗಳ ಅಂತರವನ್ನು ತಪ್ಪಾಗಿ ನಮೂದಿಸಿದ್ದರೆ ರೋಬೋಟ್ ಪ್ರತಿ ಮೂಲೆಯಲ್ಲೂ 90ಕ್ಕಿಂತ ಸ್ವಲ್ಪ ಕಡಿಮೆ ಅಥವಾ ಹೆಚ್ಚು ತಿರುಗುತ್ತದೆ. ಎರಡು ಚಕ್ರಗಳ ವ್ಯಾಸದಲ್ಲಿ ವ್ಯತ್ಯಾಸವಿದ್ದರೆ ನೇರ ಓಟವೇ ಬಾಗುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತಿಸಿದಾಗ ಈ ಎರಡು ದೋಷಗಳು ಒಂದನ್ನೊಂದು ಮುಚ್ಚಿಹಾಕಬಹುದು: ಮೂಲೆಯಲ್ಲಿ ಕಡಿಮೆ ತಿರುಗಿದ್ದನ್ನು ದಾರಿಯ ಬಾಗು ತುಂಬಿಕೊಟ್ಟು, ರೋಬೋಟ್ ಹೊರಟ ಚುಕ್ಕೆಯ ಮೇಲೆಯೇ ಬಂದು ನಿಲ್ಲಬಹುದು. ಅದನ್ನು ನೋಡಿ ಎಲ್ಲವೂ ಸರಿಯಾಗಿದೆ ಎಂದುಕೊಂಡ ತಂಡ, ಪ್ರದರ್ಶನದ ದಿನ ಅದೇ ರೋಬೋಟನ್ನು ಇನ್ನೊಂದು ಕಡೆಗೆ ತಿರುಗಿಸಿದಾಗ ಎರಡೂ ದೋಷಗಳು ಕೂಡಿಕೊಂಡು ದುಪ್ಪಟ್ಟಾಗಿರುವುದನ್ನು ಕಾಣುತ್ತದೆ. ದಿಕ್ಕು ಬದಲಿಸಿದಾಗ ಒಂದು ದೋಷ ಚಿಹ್ನೆ ಬದಲಿಸುತ್ತದೆ, ಇನ್ನೊಂದು ಬದಲಿಸುವುದಿಲ್ಲ. ಹೀಗಾಗಿ ಎರಡೂ ದಿಕ್ಕಿನ ಫಲಿತಾಂಶಗಳನ್ನು ಕೂಡಿಸಿದರೆ ಒಂದು, ಕಳೆದರೆ ಇನ್ನೊಂದು ಬೇರೆಬೇರೆಯಾಗಿ ಕೈಗೆ ಸಿಗುತ್ತವೆ.

ಮುಚ್ಚಿದ ದಾರಿಗೆ ಇನ್ನೊಂದು ಅನುಕೂಲವಿದೆ. ಹೊರಡುವಾಗ ರೋಬೋಟನ್ನು ಅಕ್ಷಕ್ಕೆ ಒಂದೆರಡು ಡಿಗ್ರಿ ಓರೆಯಾಗಿ ಇಟ್ಟಿದ್ದರೂ, ಇಡೀ ಚೌಕವೇ ಹೊರಟ ಬಿಂದುವಿನ ಸುತ್ತ ಅಷ್ಟು ತಿರುಗುತ್ತದೆಯೇ ಹೊರತು ಕೊನೆಯ ಬಿಂದು ಹೆಚ್ಚೇನೂ ಕದಲುವುದಿಲ್ಲ. ನೇರ ಓಟದಲ್ಲಾದರೆ ಅದೇ ಓರೆ ಗುರಿಯಲ್ಲಿ ಹತ್ತಾರು ಮಿಲಿಮೀಟರಿನ ದೋಷವಾಗುತ್ತಿತ್ತು.

ಹತ್ತು ಓಟಗಳ ಅನುಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿ. ಮೊದಲು ಐದು ಪ್ರದಕ್ಷಿಣೆ, ಆಮೇಲೆ ಐದು ಅಪ್ರದಕ್ಷಿಣೆ ಎಂದು ಓಡಿಸಿದರೆ, ಅಷ್ಟರಲ್ಲಿ ಬ್ಯಾಟರಿ ಇಳಿದದ್ದು, ಟಯರಿಗೆ ಧೂಳು ಹತ್ತಿದ್ದು ಎಲ್ಲವೂ ದಿಕ್ಕಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಪ್ರತಿ ಓಟದಲ್ಲೂ ನಿಜವಾದ ಕೊನೆಯ ಸ್ಥಾನದಿಂದ ರೋಬೋಟ್ ಲೆಕ್ಕ ಹಾಕಿ ಹೇಳಿದ ಸ್ಥಾನವನ್ನು ಕಳೆದು, ಎಕ್ಸ್ ಮತ್ತು ವೈ ದೋಷಗಳನ್ನು ಚಿಹ್ನೆ ಸಮೇತ ಬರೆದುಕೊಳ್ಳಿ. ಎಡ ಮತ್ತು ಬಲ ಎನ್‌ಕೋಡರಿನ ಕಚ್ಚಾ ಎಣಿಕೆಗಳು, ಬ್ಯಾಟರಿಯ ವೋಲ್ಟೇಜ್, ಸಮಯ, ಓಡಿಸಿದವರು ಯಾರು ಎಂಬುದೂ ಅದೇ ಸಾಲಿನಲ್ಲಿರಲಿ. ಯಾವ ಓಟವನ್ನು ಕೈಬಿಡಬಹುದು ಎಂಬ ನಿಯಮವನ್ನು, ಉದಾಹರಣೆಗೆ ವೈರ್ ಕಳಚಿದರೆ ಅಥವಾ ಯಾರಾದರೂ ದಾರಿಗೆ ಕಾಲಿಟ್ಟರೆ ಎಂದು, ಮೊದಲ ಓಟಕ್ಕೆ ಮುಂಚೆಯೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ಯಾವುದನ್ನೂ ಕೈಬಿಡುವಂತಿಲ್ಲ.

ಆರನೆಯ ಹಂತ: ಕೂಡಿಸಿ ಕಳೆದು ದೋಷಗಳನ್ನು ಬೇರ್ಪಡಿಸುವುದು

ರೋಬೋಟ್ ಮೂಲಬಿಂದುವಿನಿಂದ ಎಕ್ಸ್ ಅಕ್ಷದ ಮೇಲೆ ಹೊರಡುತ್ತದೆ ಎಂದುಕೊಳ್ಳಿ. ವಿವರಣೆಗಾಗಿ ಊಹಿಸಿದ ಅಂಕಿಗಳನ್ನು ತೆಗೆದುಕೊಳ್ಳೋಣ: ಪ್ರದಕ್ಷಿಣಾಕಾರದ ಐದು ಓಟಗಳ ಎಕ್ಸ್ ದೋಷದ ಸರಾಸರಿ ಮೈನಸ್ 96 ಮಿಲಿಮೀಟರ್, ಅಪ್ರದಕ್ಷಿಣಾಕಾರದ ಐದರದ್ದು ಮೈನಸ್ 32.

ಎರಡನ್ನೂ ಕೂಡಿಸಿ, ಬದಿಯ ಉದ್ದದ ನಾಲ್ಕರಷ್ಟರಿಂದ ಭಾಗಿಸಿ, ಚಿಹ್ನೆ ಬದಲಿಸಿದರೆ ತಿರುವಿನ ದೋಷ ಆಲ್ಫಾ ಬರುತ್ತದೆ: 128 ÷ 8000 = 0.016 ರೇಡಿಯನ್, ಅಂದರೆ 0.917 ಡಿಗ್ರಿ. ರೋಬೋಟ್ ಪ್ರತಿ ಮೂಲೆಯಲ್ಲೂ ಅಷ್ಟು ಕಡಿಮೆ ತಿರುಗುತ್ತಿದೆ. ಚಕ್ರಗಳ ನಿಜವಾದ ಅಂತರ ಪಡೆಯಲು ನಮೂದಿಸಿದ ಅಂತರವನ್ನು 90 ÷ (90 − 0.917) ಎಂಬುದರಿಂದ ಗುಣಿಸಬೇಕು, 150ರ ಬದಲು 151.54 ಮಿಲಿಮೀಟರ್.

ಪ್ರದಕ್ಷಿಣೆಯ ಸರಾಸರಿಯಿಂದ ಅಪ್ರದಕ್ಷಿಣೆಯ ಸರಾಸರಿಯನ್ನು ಕಳೆದು ಹಾಗೆಯೇ ಮಾಡಿದರೆ ಬಾಗಿನ ದೋಷ ಬೀಟಾ: 64 ÷ 8000 = 0.008 ರೇಡಿಯನ್. 2 ಮೀಟರ್ ದಾರಿಯಲ್ಲಿ ರೋಬೋಟ್ ಎಡಕ್ಕೆ ಇಷ್ಟು ಬಾಗುತ್ತಿದೆ. ಬದಿಯ ಅರ್ಧವನ್ನು ಬೀಟಾದ ಅರ್ಧದ ಸೈನಿನಿಂದ ಭಾಗಿಸಿದರೆ ಆ ಬಾಗಿನ ತ್ರಿಜ್ಯ, ಸುಮಾರು 250 ಮೀಟರ್. ತ್ರಿಜ್ಯಕ್ಕೆ ಚಕ್ರಾಂತರದ ಅರ್ಧವನ್ನು ಕೂಡಿಸಿದ್ದನ್ನು, ಅದೇ ಅರ್ಧವನ್ನು ಕಳೆದದ್ದರಿಂದ ಭಾಗಿಸಿದರೆ ಬಲಚಕ್ರ ಮತ್ತು ಎಡಚಕ್ರಗಳ ವ್ಯಾಸದ ಅನುಪಾತ 1.0006 ಬರುತ್ತದೆ. 65 ಮಿಲಿಮೀಟರಿನ ಚಕ್ರದಲ್ಲಿ ಈ ವ್ಯತ್ಯಾಸ 0.04 ಮಿಲಿಮೀಟರ್ ಮಾತ್ರ. ಅಮುಕಿದರೆ ಒಳಹೋಗುವ ರಬ್ಬರ್ ಟಯರಿನಲ್ಲಿ ಇದನ್ನು ಯಾವ ವರ್ನಿಯರಿನಿಂದಲೂ ನಂಬುವಂತೆ ಅಳೆಯಲಾಗದು; ಚೌಕದ ಓಟ ಅಳೆದುಕೊಟ್ಟಿತು. ತಿದ್ದುಪಡಿಯಲ್ಲಿ ಸರಾಸರಿ ವ್ಯಾಸ ಬದಲಾಗದಂತೆ ನೋಡಿಕೊಂಡು ಎಡಚಕ್ರಕ್ಕೆ 64.98, ಬಲಚಕ್ರಕ್ಕೆ 65.02 ಎಂದು ನಮೂದಿಸಿ.

ವೈ ದೋಷಗಳನ್ನು ಮರೆಯಬೇಡಿ, ಅವು ತಾಳೆ ನೋಡುವುದಕ್ಕಿವೆ. ಮೇಲಿನ ಆಲ್ಫಾ, ಬೀಟಾಗಳು ಸರಿಯಾಗಿದ್ದರೆ ಪ್ರದಕ್ಷಿಣೆಯಲ್ಲಿ ವೈ ಸರಾಸರಿ ಮೈನಸ್ 96ರ ಸುತ್ತ, ಅಪ್ರದಕ್ಷಿಣೆಯಲ್ಲಿ ಪ್ಲಸ್ 32ರ ಸುತ್ತ ಇರಬೇಕು. ತೀರ ಬೇರೆ ಬಂದರೆ ನೆಲದ ಇಳಿಜಾರು, ಸಡಿಲವಾದ ಚಕ್ರ ಅಥವಾ ಚಿಹ್ನೆಯ ತಪ್ಪನ್ನು ಹುಡುಕಿ.

ಏಳನೆಯ ಹಂತ: ತಿದ್ದುವ ಮುನ್ನ ಹರವನ್ನು ನೋಡುವುದು

ಸರಾಸರಿಯ ಮೇಲೆ ಇಷ್ಟೆಲ್ಲ ಕಟ್ಟಿದ ಮೇಲೆ ಆ ಸರಾಸರಿಯನ್ನು ಎಷ್ಟು ನಂಬಬಹುದು ಎಂದು ಕೇಳಬೇಕಾಗುತ್ತದೆ. ಐದು ಓಟಗಳ ಎಕ್ಸ್ ದೋಷದ ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಹರವಿನ ಅಳತೆ) ಎರಡೂ ದಿಕ್ಕಿನಲ್ಲಿ 18 ಮಿಲಿಮೀಟರ್ ಇದೆ ಎನ್ನೋಣ. ಲೆಕ್ಕ ಹಾಕುವಾಗ ಐದರಿಂದಲ್ಲ, ನಾಲ್ಕರಿಂದ ಭಾಗಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಎರಡೂ ಗುಂಡಿಗಳಿರುತ್ತವೆ, ತಪ್ಪಾದದ್ದನ್ನು ಒತ್ತುವುದು ಸುಲಭ. ಸರಾಸರಿಯ ಮಾನಕ ದೋಷ 18ನ್ನು ಐದರ ವರ್ಗಮೂಲದಿಂದ ಭಾಗಿಸಿದಷ್ಟು, 8 ಮಿಲಿಮೀಟರ್. ಐದು ಓಟಗಳಿಗೆ 95 ಶೇಕಡಾ ಮಟ್ಟದ ಟಿ ಬೆಲೆ (ಅಂಚು ಪಡೆಯಲು ಮಾನಕ ದೋಷವನ್ನು ಗುಣಿಸುವ, ಕೋಷ್ಟಕದಿಂದ ತೆಗೆದ ಅಂಕಿ) 2.776, ಆದ್ದರಿಂದ ಒಂದು ದಿಕ್ಕಿನ ಸರಾಸರಿಯನ್ನು ಹೆಚ್ಚುಕಡಿಮೆ 22 ಮಿಲಿಮೀಟರ್ ಒಳಗೆ ಮಾತ್ರ ಹೇಳಬಹುದು. ಓಟಗಳನ್ನು ಹತ್ತಕ್ಕೆ ಏರಿಸಿದರೆ ಟಿ ಬೆಲೆ 2.262ಕ್ಕೆ ಇಳಿದು ಈ ಅಂಚು 13 ಮಿಲಿಮೀಟರಿಗೆ ಕುಗ್ಗುತ್ತದೆ.

ಇದೇ ಅನಿಶ್ಚಿತತೆ ಆಲ್ಫಾ ಮತ್ತು ಬೀಟಾಗಳಿಗೂ ಹರಿಯುತ್ತದೆ. ಎರಡು ಸರಾಸರಿಗಳ ಮೊತ್ತದ ಅಥವಾ ವ್ಯತ್ಯಾಸದ ಮಾನಕ ದೋಷ 11.4 ಮಿಲಿಮೀಟರ್, 8000ದಿಂದ ಭಾಗಿಸಿ ಡಿಗ್ರಿಗೆ ತಂದರೆ 0.08. ಎರಡು ಗುಂಪುಗಳಿಂದ ನಾಲ್ಕು ನಾಲ್ಕರಂತೆ ಎಂಟು ಸ್ವಾತಂತ್ರ್ಯಮಾನಗಳಿಗೆ (ಹರವನ್ನು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳ ಸಂಖ್ಯೆ) ಟಿ ಬೆಲೆ 2.306 ಆದ್ದರಿಂದ ಅಂಚು 0.19 ಡಿಗ್ರಿ. ನಮ್ಮ ಬೀಟಾ 0.46 ಡಿಗ್ರಿ, ಅಂಚಿಗಿಂತ ಸಾಕಷ್ಟು ದೊಡ್ಡದು, ಹಾಗಾಗಿ ಚಕ್ರಗಳ ವ್ಯಾಸವನ್ನು ತಿದ್ದುವುದಕ್ಕೆ ಆಧಾರವಿದೆ. ಒಂದು ವೇಳೆ ಸರಾಸರಿಗಳು ಮೈನಸ್ 70 ಮತ್ತು ಮೈನಸ್ 60 ಬಂದಿದ್ದರೆ ಬೀಟಾ 0.07 ಡಿಗ್ರಿ ಮಾತ್ರವಾಗುತ್ತಿತ್ತು. ಆಗ ವ್ಯಾಸವನ್ನು ತಿದ್ದುವುದೆಂದರೆ ಆ ದಿನದ ಆಕಸ್ಮಿಕ ಏರುಪೇರನ್ನು ರೋಬೋಟಿನ ಪ್ರೋಗ್ರಾಮಿಗೆ ಶಾಶ್ವತವಾಗಿ ಬರೆದಂತೆ. ನಾಲ್ಕು ದಶಮಾಂಶ ಸ್ಥಾನಗಳವರೆಗೆ ತಿದ್ದುಪಡಿ ಕೊಟ್ಟು, ಅಂಚನ್ನೇ ಕೊಡದ ವರದಿಗಳಲ್ಲಿ ಆಗಿರುವುದು ಬಹುತೇಕ ಇದೇ ಎಂಬುದು ನನ್ನ ಅಭಿಪ್ರಾಯ.

ಎಂಟನೆಯ ಹಂತ: ತಿದ್ದಿದ ಮೇಲೆ ಹೊಸ ಓಟಗಳು

ಕಚ್ಚಾ ಎಣಿಕೆಗಳನ್ನು ಉಳಿಸಿಕೊಂಡಿರುವುದರಿಂದ, ಹಳೆಯ ಹತ್ತು ಓಟಗಳನ್ನೇ ಹೊಸ ಅಂತರ ಮತ್ತು ವ್ಯಾಸಗಳೊಂದಿಗೆ ಕಂಪ್ಯೂಟರಿನಲ್ಲಿ ಮತ್ತೆ ಲೆಕ್ಕ ಹಾಕಬಹುದು. ದೋಷ ಬಹುಮಟ್ಟಿಗೆ ಇಲ್ಲವಾಗಿರುವುದು ಕಾಣುತ್ತದೆ. ಅದನ್ನು ಫಲಿತಾಂಶವೆಂದು ಬರೆಯಬಾರದು, ಏಕೆಂದರೆ ತಿದ್ದುಪಡಿ ಹುಟ್ಟಿದ್ದೇ ಆ ಅಂಕಿಗಳಿಂದ. ಅವುಗಳಿಗೆ ಅದು ಒಪ್ಪದೆ ಇನ್ನಾವುದಕ್ಕೆ ಒಪ್ಪೀತು? ಬೇರೆ ದಿನ, ಹೊಸದಾಗಿ ಚಾರ್ಜ್ ಮಾಡಿದ ಬ್ಯಾಟರಿಯೊಂದಿಗೆ, ಮತ್ತೆ ಐದು ಮತ್ತು ಐದು ಓಟ ಓಡಿಸಿ, ಅವುಗಳ ಅಂಕಿಗಳನ್ನು ಮಾತ್ರ ವರದಿ ಮಾಡಿ.

ಆಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೊನೆಯ ಬಿಂದುಗಳ ಗುಂಪಿನ ಕೇಂದ್ರ ಮೂಲಬಿಂದುವಿನ ಹತ್ತಿರಕ್ಕೆ ಬಂದಿರುತ್ತದೆ, ಆದರೆ ಗುಂಪಿನ ಅಗಲ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಕ್ರಮಬದ್ಧವಾದ ದೋಷವನ್ನು ತಿದ್ದುಪಡಿ ತೆಗೆಯುತ್ತದೆ; ಚಕ್ರ ಜಾರುವುದು, ನೆಲದ ಒರಟು, ಮೋಟಾರಿನ ಜರ್ಕು ಇವುಗಳಿಂದ ಬರುವ ಹರವನ್ನು ಅದು ಮುಟ್ಟುವುದಿಲ್ಲ. ಈ ಪರೀಕ್ಷೆಯನ್ನು ರೂಪಿಸಿದವರು ರೋಬೋಟಿನ ಕ್ರಮಬದ್ಧ ದೋಷಕ್ಕೆ ಅಳತೆಯಾಗಿ ಎರಡು ಗುಂಪುಗಳ ಕೇಂದ್ರಗಳಲ್ಲಿ ಹೆಚ್ಚು ದೂರವಿರುವುದನ್ನು ತೆಗೆದುಕೊಂಡರು, ಸರಾಸರಿಯನ್ನಲ್ಲ. ನಮ್ಮ ಉದಾಹರಣೆಯಲ್ಲಿ ತಿದ್ದುವ ಮುನ್ನ ಅದು 136 ಮಿಲಿಮೀಟರ್. ಅಪ್ರದಕ್ಷಿಣೆಯ ಗುಂಪು ಕೇವಲ 45 ಮಿಲಿಮೀಟರ್ ದೂರವಿದ್ದುದರಿಂದ ಅದೊಂದನ್ನೇ ನೋಡಿದ್ದರೆ ರೋಬೋಟ್ ಸಾಕಷ್ಟು ಒಳ್ಳೆಯದೆನಿಸುತ್ತಿತ್ತು.

ಒಂಬತ್ತನೆಯ ಹಂತ: ವೇಗ, ಭಾರ, ವೇಗೋತ್ಕರ್ಷ ಒಟ್ಟಿಗೆ

ತಿದ್ದಿದ ರೋಬೋಟ್ ನಿಧಾನವಾಗಿ, ಖಾಲಿಯಾಗಿ ಓಡಿದಾಗ ಸರಿ. ಕೆಲಸದಲ್ಲಿ ಅದು ವೇಗವಾಗಿ, ಹೊರೆ ಹೊತ್ತು ಓಡಬೇಕಾಗುತ್ತದೆ. ಮೂರು ಅಂಶಗಳನ್ನು ಆರಿಸಿಕೊಳ್ಳಿ: ವೇಗ ಸೆಕೆಂಡಿಗೆ 150 ಅಥವಾ 300 ಮಿಲಿಮೀಟರ್, ಹೊರೆ ಇಲ್ಲ ಅಥವಾ 500 ಗ್ರಾಂ, ಹೊರಡುವುದು ನಿಲ್ಲುವುದು ಥಟ್ಟನೆ ಅಥವಾ ನಿಧಾನಕ್ಕೆ ಏರಿಳಿದು. ನಮ್ಮಲ್ಲಿ ರೂಢಿಯಾಗಿರುವ ಕ್ರಮವೆಂದರೆ ಎರಡನ್ನು ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸುತ್ತ ಹೋಗುವುದು. ಅದು ವೈಜ್ಞಾನಿಕವಾಗಿ ಕಾಣುತ್ತದೆ, ಆದರೆ ಓಟಗಳನ್ನು ವ್ಯರ್ಥ ಮಾಡುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಹೊಲದ ಪ್ರಯೋಗಗಳಿಗೆಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಮತ್ತು ಅವರ ಸಂಗಡಿಗರು ಬೆಳೆಸಿದ ಫ್ಯಾಕ್ಟೋರಿಯಲ್ ವಿನ್ಯಾಸದಲ್ಲಿ ಮೂರು ಅಂಶಗಳ ಎರಡೆರಡು ಮಟ್ಟಗಳ ಎಂಟೂ ಜೋಡಣೆಗಳನ್ನು ಓಡಿಸುತ್ತಾರೆ.

ಒಂದು ಪ್ರಯೋಗ ಎಂದರೆ ಇಲ್ಲಿ ಒಂದು ಪ್ರದಕ್ಷಿಣೆ ಮತ್ತು ಒಂದು ಅಪ್ರದಕ್ಷಿಣೆಯ ಜೋಡಿ. ಅಳೆಯುವುದು ಆ ಎರಡರ ಎಕ್ಸ್ ದೋಷಗಳ ಸರಾಸರಿ, ಅಂದರೆ ತಿರುವಿನ ದೋಷ. ಒಂದು ಓಟದ ಮಾನಕ ವಿಚಲನೆ 18 ಆದರೆ ಜೋಡಿಯದು 12.7. ಎಂಟು ಜೋಡಣೆಗಳನ್ನು ಎರಡು ಸಲ ಮಾಡಿದರೆ 16 ಜೋಡಿ, ಒಟ್ಟು 32 ಓಟ. ಎರಡು ಮಧ್ಯಾಹ್ನಗಳಲ್ಲಿ ಮುಗಿಯುವ ಕೆಲಸ. ಮೊದಲ ಮಧ್ಯಾಹ್ನ ಎಂಟನ್ನೂ ಒಮ್ಮೆ, ಎರಡನೆಯ ಮಧ್ಯಾಹ್ನ ಎಂಟನ್ನೂ ಇನ್ನೊಮ್ಮೆ, ಪ್ರತಿ ಸಲವೂ ಬೇರೆ ಚೀಟಿ ಎತ್ತಿದ ಅನುಕ್ರಮದಲ್ಲಿ ಮಾಡಿದರೆ ದಿನದಿಂದ ದಿನಕ್ಕೆ ಆಗುವ ಬದಲಾವಣೆಯನ್ನು ಬ್ಲಾಕ್ ಎಂದು ಪ್ರತ್ಯೇಕಿಸಬಹುದು.

ಪ್ರತಿ ಅಂಶದ ಪರಿಣಾಮವನ್ನೂ ಎಂಟು ಜೋಡಿಗಳ ಸರಾಸರಿಯಿಂದ ಉಳಿದೆಂಟರ ಸರಾಸರಿಯನ್ನು ಕಳೆದು ಪಡೆಯುತ್ತೇವೆ, ಹಾಗಾಗಿ 16 ಅಳತೆಗಳೂ ಮೂರೂ ಪ್ರಶ್ನೆಗಳಿಗೆ ದುಡಿಯುತ್ತವೆ. ಪರಿಣಾಮದ ಮಾನಕ ದೋಷ ಸುಮಾರು 6.4 ಮಿಲಿಮೀಟರ್. ಅದೇ 16 ಜೋಡಿಗಳನ್ನು ಒಂದೊಂದೇ ಅಂಶ ಬದಲಿಸುವ ಕ್ರಮದಲ್ಲಿ ನಾಲ್ಕು ಸ್ಥಿತಿಗಳಿಗೆ ನಾಲ್ಕು ನಾಲ್ಕಾಗಿ ಹಂಚಿದ್ದರೆ ಅದು 9 ಆಗುತ್ತಿತ್ತು. ಏಳು ಪರಿಣಾಮಗಳನ್ನೂ ಬ್ಲಾಕನ್ನೂ ಕಳೆದರೆ ದೋಷಕ್ಕೆ ಏಳು ಸ್ವಾತಂತ್ರ್ಯಮಾನಗಳು ಉಳಿಯುತ್ತವೆ, ಟಿ ಬೆಲೆ 2.365, ಆದ್ದರಿಂದ 15 ಮಿಲಿಮೀಟರಿಗಿಂತ ಚಿಕ್ಕ ಪರಿಣಾಮದ ಬಗ್ಗೆ ಈ ಪ್ರಯೋಗ ಏನನ್ನೂ ಖಚಿತವಾಗಿ ಹೇಳದು. ಇದನ್ನು ಪ್ರಯೋಗಕ್ಕೆ ಮುಂಚೆಯೇ ಲೆಕ್ಕ ಹಾಕಿ ಮಾರ್ಗದರ್ಶಕರಿಗೆ ತೋರಿಸಿ. ನಿಮಗೆ 5 ಮಿಲಿಮೀಟರಿನ ವ್ಯತ್ಯಾಸ ಬೇಕಿದ್ದರೆ ಓಟಗಳನ್ನು ಹೆಚ್ಚಿಸಬೇಕು, ಇಲ್ಲವೇ ಹರವನ್ನು ತಗ್ಗಿಸಬೇಕು, ಬೇರೆ ದಾರಿಯಿಲ್ಲ.

ಇಲ್ಲಿನ ನಿಜವಾದ ಲಾಭ ಪರಸ್ಪರ ಪ್ರಭಾವ ಕಾಣುವುದು. ಹೊರೆಯಿಲ್ಲದಾಗ ವೇಗ ಹೆಚ್ಚಿಸಿದರೆ ದೋಷ 6 ಮಿಲಿಮೀಟರ್ ಬದಲಾಗಿ, ಹೊರೆಯಿದ್ದಾಗ 40 ಬದಲಾಯಿತು ಎನ್ನಿ. ಇವೆರಡರ ವ್ಯತ್ಯಾಸದ ಅರ್ಧ, 17 ಮಿಲಿಮೀಟರ್, ವೇಗ ಮತ್ತು ಹೊರೆಗಳ ಪರಸ್ಪರ ಪ್ರಭಾವ. ಅದು ನಮ್ಮ 15ರ ಗಡಿಯನ್ನು ದಾಟಿದೆ. ಹೊರೆಯಿಲ್ಲದೆ ವೇಗವನ್ನಷ್ಟೇ ಬದಲಿಸಿ ನೋಡಿದ ತಂಡ ವೇಗದಿಂದ ತೊಂದರೆಯಿಲ್ಲ ಎಂದೇ ಬರೆಯುತ್ತಿತ್ತು.

ಅಂಶಗಳು ಏಳಕ್ಕೇರಿದರೆ ಪೂರ್ಣ ವಿನ್ಯಾಸಕ್ಕೆ 128 ಜೋಡಣೆಗಳು ಬೇಕು. ಆಗ ಎಂಟೇ ಓಟಗಳ ಆರ್ಥೊಗೊನಲ್ ಅರೇ, ಅಂದರೆ ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ಮಟ್ಟಗಳ ಜೋಡಣೆಗಳೆಲ್ಲ ಸಮಸಂಖ್ಯೆಯಲ್ಲಿ ಬರುವಂತೆ ಆಯ್ದ ಓಟಗಳ ಕೋಷ್ಟಕವನ್ನು ಬಳಸಬಹುದು. ಕೈಗಾರಿಕೆಯಲ್ಲಿ ಇದು ಜಪಾನಿನ ಎಂಜಿನಿಯರ್ ಟಾಗುಚಿಯವರ ಹೆಸರಿನಲ್ಲಿ ಪ್ರಸಿದ್ಧವಾದರೂ, ಆರ್ಥೊಗೊನಲ್ ಅರೇಗಳ ಗಣಿತವನ್ನು 1940ರ ದಶಕದಲ್ಲಿ ರೂಪಿಸಿದವರು ಸಿ. ಆರ್. ರಾವ್, 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಆದರೆ ಈ ಉಳಿತಾಯಕ್ಕೆ ಬೆಲೆಯಿದೆ: ಎಂಟು ಓಟಗಳಲ್ಲಿ ಏಳು ಅಂಶಗಳನ್ನು ತುರುಕಿದಾಗ ಪ್ರತಿ ಅಂಶದ ಪರಿಣಾಮವೂ ಬೇರೆರಡು ಅಂಶಗಳ ಪರಸ್ಪರ ಪ್ರಭಾವಗಳೊಂದಿಗೆ ಬೆರೆತುಹೋಗುತ್ತದೆ. ಯಾವ ಅಂಶಗಳನ್ನು ಬಿಡಬಹುದು ಎಂದು ಮೊದಲ ಜರಡಿ ಹಿಡಿಯಲು ಅದು ಒಳ್ಳೆಯದು, ಕೊನೆಯ ತೀರ್ಮಾನಕ್ಕಲ್ಲ. ಟಾಗುಚಿ ಕೋಷ್ಟಕವನ್ನು ಸಾಫ್ಟ್‌ವೇರಿನಿಂದ ತೆಗೆದು ಅಂಟಿಸಿ, ಯಾವುದು ಯಾವುದರೊಂದಿಗೆ ಬೆರೆತಿದೆ ಎಂದು ಬರೆಯದಿದ್ದರೆ ಪರೀಕ್ಷಕರು ಅದನ್ನೇ ಮೊದಲು ಕೇಳುತ್ತಾರೆ, ಕೇಳಲೂಬೇಕು.

ಹತ್ತನೆಯ ಹಂತ: ವರದಿ

ಫಲಿತಾಂಶದ ಅಧ್ಯಾಯದಲ್ಲಿ ಮೊದಲು ಬರಬೇಕಾದದ್ದು ಕೊನೆಯ ಬಿಂದುಗಳ ಚಿತ್ರ: ಎಕ್ಸ್ ಮತ್ತು ವೈ ಅಕ್ಷಗಳಿಗೆ ಒಂದೇ ಪ್ರಮಾಣ, ಪ್ರದಕ್ಷಿಣೆಗೊಂದು ಗುರುತು, ಅಪ್ರದಕ್ಷಿಣೆಗೊಂದು, ತಿದ್ದುವ ಮುನ್ನ ಮತ್ತು ನಂತರ ಪಕ್ಕಪಕ್ಕದಲ್ಲಿ. ಸರಾಸರಿಯ ಕಂಬಚಿತ್ರ ಹಾಕಿ ಬಿಂದುಗಳನ್ನು ಮರೆಮಾಡಬೇಡಿ. ಹತ್ತೇ ಬಿಂದುಗಳಿರುವಾಗ ಎಲ್ಲವನ್ನೂ ತೋರಿಸಬಹುದು. ಪ್ರತಿ ಸರಾಸರಿಯ ಜೊತೆಗೆ ಓಟಗಳ ಸಂಖ್ಯೆ, ಮಾನಕ ವಿಚಲನೆ ಮತ್ತು 95 ಶೇಕಡಾ ಅಂಚು ಇರಲಿ. ಟೇಪಿನಲ್ಲಿ ಮಿಲಿಮೀಟರಿಗೆ ಅಳೆದದ್ದನ್ನು ಎಕ್ಸೆಲ್ ಆರು ದಶಮಾಂಶಗಳಲ್ಲಿ ತೋರಿಸಿದರೂ ನೀವು ಹಾಗೆ ಬರೆಯುವಂತಿಲ್ಲ. ಕೈಬಿಟ್ಟ ಓಟಗಳಿದ್ದರೆ ಎಷ್ಟು, ಮೊದಲೇ ಬರೆದ ಯಾವ ನಿಯಮದ ಪ್ರಕಾರ ಎಂಬುದು ಒಂದು ಸಾಲಿನಲ್ಲಿ ಬರಲಿ.

ಪರಿಣಾಮ ಕಾಣದ ಅಂಶವನ್ನು "ಪರಿಣಾಮವಿಲ್ಲ" ಎಂದು ಬರೆಯದೆ, "15 ಮಿಲಿಮೀಟರಿಗಿಂತ ದೊಡ್ಡ ಪರಿಣಾಮ ಕಂಡುಬರಲಿಲ್ಲ" ಎಂದು ಬರೆಯಿರಿ. ಮೊದಲ ಹಂತದಲ್ಲಿ ಇಟ್ಟುಕೊಂಡ 10 ಮೀಟರಿಗೆ 50 ಮಿಲಿಮೀಟರ್ ಎಂಬ ಗುರಿಯನ್ನು, ಕಾರಿಡಾರಿನಲ್ಲೇ ಬೇರೆಯಾಗಿ ಹತ್ತು ಓಟ ಓಡಿಸಿ ಪರೀಕ್ಷಿಸಿ, ಹತ್ತರಲ್ಲಿ ಎಷ್ಟು ಗುರಿಯೊಳಗೆ ನಿಂತವು ಎಂದು ಕೊಡಿ. ಎಂಟು ನಿಂತಿದ್ದರೆ ಎಂಟು ಎಂದೇ ಬರೆದು, ಉಳಿದೆರಡರಲ್ಲಿ ಎನ್‌ಕೋಡರಿನ ಕಚ್ಚಾ ಎಣಿಕೆಗಳು ಏನು ಹೇಳುತ್ತವೆ ಎಂಬುದನ್ನು ಚರ್ಚೆಯ ಭಾಗದಲ್ಲಿ ಬಿಡಿಸಿ ನೋಡಿ. ಎಣಿಕೆಗಳ ಪ್ರಕಾರ ರೋಬೋಟ್ ನೇರವಾಗಿಯೇ ಹೋಗಿದ್ದು, ನೆಲದ ಮೇಲಿನ ಚುಕ್ಕೆ ಮಾತ್ರ ಪಕ್ಕಕ್ಕಿದ್ದರೆ, ಚಕ್ರ ಜಾರಿದ್ದಿರಬಹುದು ಅಥವಾ ಹೊರಡುವಾಗಲೇ ಓರೆಯಾಗಿ ಇಟ್ಟಿರಬಹುದು. ಎಣಿಕೆಗಳಲ್ಲೇ ಬಾಗು ಕಂಡರೆ ದೋಷ ಮೋಟಾರಿನ ನಿಯಂತ್ರಣದಲ್ಲಿದೆ. ಕಚ್ಚಾ ಅಂಕಿಗಳ ಕಡತ, ಚೀಟಿ ಎತ್ತಿ ಬಂದ ಅನುಕ್ರಮದ ಹಾಳೆ ಮತ್ತು ಪ್ರೋಗ್ರಾಮಿನ ಅಂತಿಮ ಪ್ರತಿಯನ್ನು ವಿಭಾಗದ ಕಂಪ್ಯೂಟರಿನಲ್ಲಿ ಇಟ್ಟು, ಮುಂದಿನ ವರ್ಷ ಅದೇ ರೋಬೋಟನ್ನು ಕೈಗೆತ್ತಿಕೊಳ್ಳುವ ತಂಡಕ್ಕೆ ಅವು ಎಲ್ಲಿವೆ ಎಂಬುದನ್ನು ವರದಿಯ ಅನುಬಂಧದಲ್ಲಿ ನಮೂದಿಸಿ.